ಘಾಟಿನೂರಿನ ಲಟ್ಟಣಿಗೆ

ನಾನು ಒಂದು ಲಟ್ಟಣಿಗೆ. ನಗಬೇಡಿ. ಲಟ್ಟಣಿಗೆ ಅಂದಕೂಡಲೇ ಗಂಡನ ತಲೆ ನೆನಪಾದರೆ ಅದು ನಿಮ್ಮ ತಪ್ಪು, ನನ್ನದಲ್ಲ. ನಾನು ಈವರೆಗೆ ಯಾರ ಮೈಮೇಲೂ ಬಿದ್ದಿಲ್ಲ.

ಹುಟ್ಟಿದ್ದು ಬ್ಯಾಡಗಿ ಹತ್ತಿರದ ಹಳ್ಳಿಯೊಂದರಲ್ಲಿ, ಮೌನೇಶ ಬಡಿಗೇರನ ಕೈಯಲ್ಲಿ. ಅವನು ಮೊಮ್ಮಗುವಿಗೆ ತೊಟ್ಟಿಲು ಮಾಡುತ್ತಿದ್ದ. ನಾನು ಅದರ ಕಾಲಾಗಬೇಕಿದ್ದ ಜಾಲಿ ತುಂಡು. ಮಹಾರಾಯ ಅಳತೆ ತಪ್ಪಿ ಗಿಡ್ಡ ಕೊಯ್ದುಬಿಟ್ಟ. "ಹಾಳಾಗ್ಲಿ, ಲಟ್ಟಣಿಗಿ ಮಾಡಿದ್ರಾತು" ಅಂದ. ತೊಟ್ಟಿಲಾಗಿದ್ದರೆ ಜೋಗುಳ ಕೇಳಿಕೊಂಡು ಹಾಯಾಗಿರುತ್ತಿದ್ದೆ. ಹಣೆಬರಹ, ಏನು ಮಾಡೋದು!

ಗುರವ್ವನ ಮದುವೆಯ ಪಾತ್ರೆಪಡಗದ ಜೊತೆ ಅವಳ ಗಂಡನ ಮನೆಗೆ ಬಂದೆ. ಜೋಳದ ರೊಟ್ಟಿಯನ್ನು ಕೈಯಲ್ಲೇ ಬಡಿಯುವ ನಾಡಿನಲ್ಲಿ ಲಟ್ಟಣಿಗೆಗೆ ಎಲ್ಲಿಯ ಮರ್ಯಾದೆ? ಹಬ್ಬಕ್ಕೊಮ್ಮೆ ಹೋಳಿಗೆ ಲಟ್ಟಿಸಲು ಕೆಳಗಿಳಿಸುತ್ತಿದ್ದರು. ಉಳಿದಂತೆ ಗೂಟದಲ್ಲಿ ನೇತಾಡುತ್ತ ಜಿರಳೆಗಳ ಸಂಸಾರ ನೋಡುವುದೇ ನನ್ನ ಕೆಲಸ.

ಗಂಡ ತೀರಿಕೊಂಡ ಮೇಲೆ ಗುರವ್ವ ಗೋಡೆ ಕಡೆ ಮುಖ ಮಾಡಿ ಮಲಗಿದಳು. ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಓಣಿಯವರು ಬಂದು ಬಂದು ಪ್ರಶ್ನೆ ಕೇಳಿದರು. ಯಾಕ ಉಣ್ಣವಲ್ಲಿ, ಯಾಕ ಏಳವಲ್ಲಿ, ಏನಾಗೇತಿ ನಿನಗ? ಒಬ್ಬರು ತಾಯತ ಕಟ್ಟಿಸಿದರು, ಇನ್ನೊಬ್ಬರು ಬೇವಿನ ಸೊಪ್ಪು ಬೀಸಿದರು. ಕೊನೆಗೆ ಅವಳ ಅಕ್ಕ ಎಳಕೊಂಡು ದೊಡ್ಡಾಸ್ಪತ್ರೆಗೆ ಹೋದಳು. ಡಾಕ್ಟರು ಗುಳಿಗೆ ಕೊಟ್ಟರು. ಅಲ್ಲಿನ ಬೆಂಚಿನ ಮೇಲೆ ಅವಳಂತೆಯೇ ಕುಗ್ಗಿದ ಇನ್ನೊಬ್ಬ ಹೆಂಗಸು ಸಿಕ್ಕಳು, ಇಬ್ಬರೂ ಮಾತಾಡಿದರು. "ಗುಳಿಗಿ ನಿದ್ದಿ ಕೊಡ್ತು. ನನ್ನಂಗ ಇನ್ನೊಬ್ಬಾಕಿ ಅದಾಳಂತ ಗೊತ್ತಾತಲ್ಲ, ಅದು ನನ್ನ ಎಬ್ಬಿಸ್ತು" ಅಂತ ಗುರವ್ವ ಅಕ್ಕನಿಗೆ ಹೇಳಿದ್ದನ್ನು ಗೂಟದಿಂದಲೇ ಕೇಳಿಸಿಕೊಂಡೆ.

ಎದ್ದ ಮೇಲೆ ಅವಳು ಸುಮ್ಮನೆ ಕೂರಲಿಲ್ಲ. ಮನಸ್ಸು ಕೆಟ್ಟು ಒಳಗೊಳಗೇ ಬೇಯುತ್ತಿದ್ದ ಓಣಿಯ ಹೆಂಗಸರನ್ನು ಒಟ್ಟು ಮಾಡಿದಳು. ಬುಧವಾರ ಮಧ್ಯಾಹ್ನ, ಮಕ್ಕಳು ಮನೆಗೆ ಹೋದ ಮೇಲೆ, ಅಂಗನವಾಡಿಯಲ್ಲಿ. ಮೊದಲ ದಿನ ಹೋಳಿಗೆ ಮಾಡಲು ನನ್ನನ್ನೂ ಒಯ್ದಿದ್ದಳು. ಅಬ್ಬಬ್ಬಾ, ಏನು ಗದ್ದಲ! ಒಬ್ಬಳು ಬಾಯಿ ತೆರೆದರೆ ಉಳಿದವರೆಲ್ಲ ಉಪದೇಶಕ್ಕೆ ನಿಂತರು. ಹರಕೆ ಹೊರು ಅಂತ ಒಬ್ಬಳು, ಗಟ್ಟಿ ಮನಸ್ಸು ಮಾಡು ಅಂತ ಇನ್ನೊಬ್ಬಳು. ಗುರವ್ವ ನನ್ನನ್ನೆತ್ತಿ ಮಣೆಗೆ ಧಪ್ಪಂತ ಕುಟ್ಟಿದಳು.

"ಇದು ಯಾರ ಕೈಯಾಗ ಐತೋ ಅವರಷ್ಟ ಮಾತಾಡ್ರಿ. ಉಳಿದೋರು ಬಾಯಿ ಮುಚ್ಕೊಂಡು ಕೇಳ್ರಿ. ಬುದ್ಧಿ ಹೇಳಂಗಿಲ್ಲ. ಮಾತು ಬ್ಯಾಡಂದ್ರ ಮುಂದಿನಾಕಿ ಕೈಗೆ ಕೊಡ್ರಿ. ಯಾಕಂತ ಯಾರೂ ಕೇಳಂಗಿಲ್ಲ."

ಆ ದಿನದಿಂದ ನನಗೆ ದರ್ಜೆ ಬಂತು ನೋಡಿ! ಓಣಿಯ ಗಂಡಸರು ಬಾಗಿಲಲ್ಲಿ ಇಣುಕಿ, "ಏನವಾ, ಯಾರಿಗೆ ಹೊಡಿಯಾಕ ಕುಂತೀರಿ?" ಅಂತ ನಗುತ್ತಿದ್ದರು. ನಗಲಿ. ನಾನು ಕೇಳಿಸಿಕೊಂಡದ್ದನ್ನು ಅವರು ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು.

ಈ ಹೆಂಗಸರೆಲ್ಲ ಮೆಣಸಿನಕಾಯಿ ತೊಟ್ಟು ಮುರಿಯುವವರು. ಇಡೀ ದಿನ ರಾಶಿ ಮುಂದೆ ಕೂತು ಮುರಿದು ಮುರಿದು ಕೈಯೆಲ್ಲ ಘಾಟು, ಕಣ್ಣೆಲ್ಲ ನೀರು. ಅವರ ಕೈ ತಾಗಿ ನಾನೇ ಕೆಂಪಾದೆ. ನಿಜ ಹೇಳ್ತೀನಿ, ಅಳುವವರಿಗೆ ನಮ್ಮ ಊರಲ್ಲಿ ಇರುವಷ್ಟು ಅನುಕೂಲ ಇನ್ನೆಲ್ಲೂ ಇಲ್ಲ. "ಕಣ್ಣು ಯಾಕ ಕೆಂಪಾಗ್ಯಾವು?" ಅಂದರೆ "ಘಾಟು" ಅಂದುಬಿಟ್ಟರೆ ಮುಗಿಯಿತು. ಅತ್ತೆ ನಂಬುತ್ತಾಳೆ, ಗಂಡ ನಂಬುತ್ತಾನೆ.

ಸುಗ್ಗಿ ಶುರುವಾದಾಗ ಹೊನ್ನವ್ವ ಬಂದಳು. ಚಿಕ್ಕ ವಯಸ್ಸು, ನೆಲ ನೋಡಿಕೊಂಡೇ ಬಂದು ನೆಲ ನೋಡಿಕೊಂಡೇ ಕೂರುತ್ತಿದ್ದಳು. ನಾನು ಅವಳ ಸರದಿಗೆ ಹೋದರೆ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಕಂಡೂ ಕಾಣದ ಹಾಗೆ ತೂಗುತ್ತಿದ್ದಳು. ಆಮೇಲೆ ಏನೂ ಹೇಳದೆ ಪಕ್ಕದ ಖೈರುನ್‌ಬೀ ಕೈಗೆ ಕೊಡುತ್ತಿದ್ದಳು. ಕಣ್ಣಲ್ಲಿ ನೀರು ಧಾರೆ. ಯಾರೂ ಕೇಳಲಿಲ್ಲ. ನಿಯಮ ಇತ್ತಲ್ಲ. ಮೇಲೆ ಘಾಟೂ ಇತ್ತು.

ಕೆಲವು ವಾರ ಕಳೆದ ಮೇಲೆ ಅವಳ ಕೈ ಬದಲಾಯಿತು. ತಣ್ಣಗಿತ್ತು. ಮೆಣಸಿನಕಾಯಿಯ ಉರಿ ಇರಲಿಲ್ಲ. ಮುಂದಿನ ವಾರವೂ ಇರಲಿಲ್ಲ. ಕೆಲಸಕ್ಕೆ ಹೋಗದ ಕೈ ಅದು! ಹಾಗಾದರೆ ಆ ಕಣ್ಣೀರು ಯಾವುದು? ನನಗೆ ಹೆದರಿಕೆಯಾಯಿತು. ಕೂಗಿ ಹೇಳಬೇಕು ಅನ್ನಿಸಿತು. ಬಾಯಿ ಕೊಡದ ಬಡಿಗೇರನಿಗೆ ಅವತ್ತು ಹಿಡಿ ಶಾಪ ಹಾಕಿದೆ.

ಖೈರುನ್‌ಬೀಗೆ ಒಂದು ಚಾಳಿ. ನಾನು ಕೈಗೆ ಬಂದರೆ ಸಾಕು, ಘಾಟಿಗೆ ಸೀನುತ್ತಾಳೆ. ತೋಪು ಸಿಡಿದ ಹಾಗೆ, ಛಾವಣಿ ಹಾರುವಂಥ ಸೀನು. ಅದಕ್ಕೇ ಎಲ್ಲರೂ ಕಾಯುತ್ತಿದ್ದರು, ಅಷ್ಟು ಹೊತ್ತಾದರೂ ನಗಬಹುದಲ್ಲ. ಆ ಬುಧವಾರ ಗುರವ್ವ ನನ್ನನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದು ತಂದಿದ್ದಳು. ಮೊದಲ ಸರದಿ ಹೊನ್ನವ್ವನದು. ಅವಳು ಎಂದಿನಂತೆ ತೂಗಿ, ಕೊಟ್ಟಳು. ಖೈರುನ್‌ಬೀ ಮೂಗಿಗೆ ಸೆರಗು ಹಿಡಿದು ಸಿದ್ಧಳಾದಳು. ಎಲ್ಲರೂ ಕಾದರು.

ಸೀನು ಬರಲಿಲ್ಲ.

"ಎಲ್ಲಿ ಹೋತವಾ ನಿನ್ನ ತೋಪು?" ಅಂತ ಎಲ್ಲರೂ ನಕ್ಕರು. ಖೈರುನ್‌ಬೀ ನಗಲಿಲ್ಲ. ಹೊನ್ನವ್ವನ ಕೈ ಹಿಡಿದೆಳೆದು ಮೂಸಿ ನೋಡಿದಳು.

"ಘಾಟಿಲ್ಲ ಇದರಾಗ. ಕೆಲಸಕ್ಕ ಹೋಗಿಲ್ಲ ನೀನು. ಮತ್ತ ಕಣ್ಣಾಗ ನೀರ್ಯಾಕ?"

ಹೊನ್ನವ್ವ ಕೈ ಕೊಸರಿಕೊಂಡಳು. "ಏನಿಲ್ಲ ಬಿಡ್ರಿ" ಅಂದು ಎದ್ದು ಹೋಗಿಯೇಬಿಟ್ಟಳು.

"ಖೈರುನ್, ಕೇಳಂಗಿಲ್ಲಂತ ಹೇಳೇನಲ್ಲ!" ಗುರವ್ವ ರೇಗಿದಳು. "ಬೆನ್ನ ಹತ್ತಬ್ಯಾಡ್ರಿ. ಮುಂದಿನ ವಾರ ಬರ್ತಾಳ."

"ಮುಂದಿನ ವಾರ ಇರ್ತಾಳೇನ?"

ಗುರವ್ವ ಬಾಗಿಲ ಕಡೆ ತಿರುಗಿದಳು. ಪ್ರಶ್ನೆಗಳ ಕಾಟ ಉಂಡವಳು, ಅದಕ್ಕೇ ಆ ನಿಯಮ ಮಾಡಿದವಳು. ಪಾಪ, ಕೇಳದೇ ಇರುವುದೂ ಒಬ್ಬರನ್ನು ಕೊಲ್ಲಬಹುದು ಅಂತ ಅವಳಿಗೆ ಹೊಳೆದದ್ದು ಆಗಲೇ. ಎದ್ದವಳೇ ಓಡಿದಳು. ಹಿಂದೆ ಖೈರುನ್‌ಬೀ, ಅವಳ ಕೈಯಲ್ಲಿ ನಾನು. ಕಟ್ಟೆಯ ಮೇಲೆ ಕೂತವರು ಕೇಕೆ ಹಾಕಿದರು. ಮನೆಯಲ್ಲಿ ಹೊನ್ನವ್ವನ ಅತ್ತೆ, "ದಿನಾ ಡಬ್ಬಿ ಕಟ್ಕೊಂಡು ಕೆಲಸಕ್ಕ ಹೋಗ್ತಾಳಲ್ಲ, ಇನ್ನೂ ಬಂದಿಲ್ಲ" ಅಂದಳು.

ಅವಳು ಸಿಕ್ಕಿದ್ದು ಕೆರೆಯ ಮೆಟ್ಟಿಲ ಮೇಲೆ, ಕೊನೆಯ ಮೆಟ್ಟಿಲಲ್ಲಿ. ಪಕ್ಕದಲ್ಲಿ ಬಿಚ್ಚದ ಡಬ್ಬಿ. ಖೈರುನ್‌ಬೀ ಕೈಯಿಂದ ಜಾರಿ ನಾನು ಕಲ್ಲಿನ ಮೇಲೆ ಬಿದ್ದೆ, ನಡುವೆ ಸೀಳು ಬಿಟ್ಟಿತು. ನೋವಾಯಿತೇ? ಅದನ್ನು ಯೋಚಿಸುವ ಹೊತ್ತೇ ಅಲ್ಲ ಅದು. ಗುರವ್ವ ಏದುಸಿರಲ್ಲಿ ಹೊನ್ನವ್ವನ ತೋಳಿಗೆ ತೋಳು ಹೆಣೆದು ಕೂತು, ನನ್ನನ್ನೆತ್ತಿ ಅವಳ ಮಡಿಲಿಗಿಟ್ಟಳು.

"ಇವತ್ತ ಯಾರಿಗೂ ಕೊಡಬ್ಯಾಡ. ನಾ ಕೇಳಾಕತ್ತೀನಿ. ಯಾಕ ಅಳ್ತಿ?"

ಹೊನ್ನವ್ವ ಬಾಯಿ ಬಿಟ್ಟಳು. "ಕೂಸು ಹುಟ್ಟೂದ್ರಾಗ ಹೋತು. ಯಾರೂ ಅದರ ಮಾತು ಎತ್ತೂದಿಲ್ಲ, ಅದು ಹುಟ್ಟೇ ಇಲ್ಲೇನೋ ಅನ್ನೂಹಂಗ. ನಾನೂ ಅದರ ಬೆನ್ನ ಹಿಂದ ಹೋಗಬೇಕಂತ ದಿನಾ ಇಲ್ಲಿ ಬಂದು ಕುಂದರತೀನಿ."

ನನ್ನನ್ನು ಅವಚಿಕೊಂಡು ಗೊಳೋ ಅಂತ ಅತ್ತಳು. ತೊಟ್ಟಿಲಾಗಬೇಕಿದ್ದ ಮರ ನಾನು. ಅವಳ ಮಡಿಲಲ್ಲಿ ಸೀಳಿಕೊಂಡು ಮಲಗಿದ್ದೆ. ಆ ಸಂಕಟ ಏನಂತ ಹೇಳಲಿ!

ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ದೊಡ್ಡಾಸ್ಪತ್ರೆ ಆಯಿತು, ಗುಳಿಗೆ ಆಯಿತು, ಗುಳಿಗೆ ಬಿಟ್ಟು ಮತ್ತೆ ಮಲಗಿದ್ದೂ ಆಯಿತು. ಅವಳು ಏಳದ ಬುಧವಾರಗಳಲ್ಲಿ ಸಂಘವೇ ಎದ್ದು ಅವಳ ಮನೆಗೆ ಹೋಯಿತು. ಅತ್ತೆ ಮೊದಲು ಬಾಗಿಲು ಹಾಕಿದಳು, ಆಮೇಲೆ ಚಹಾ ಇಟ್ಟಳು, ಒಂದು ದಿನ ತಾನೇ ನನ್ನನ್ನು ಹಿಡಿದು, ತೀರಿಹೋದ ಮೊಮ್ಮಗುವಿಗಾಗಿ ಅತ್ತಳು. ಮಾತು ಬೇಡದವರು ನನ್ನನ್ನು ಈಗಲೂ ಮುಂದೆ ದಾಟಿಸಬಹುದು. ಆದರೆ ಕೊಡುವವಳ ಕೈ ಮೂಸದೆ ಯಾರೂ ಇಸಕೊಳ್ಳುವುದಿಲ್ಲ.

ನನಗೀಗ ವಯಸ್ಸಾಗಿದೆ. ಸೀಳಿನಲ್ಲಿ ಹಿಟ್ಟು ಸಿಕ್ಕುತ್ತದೆ, ಹೋಳಿಗೆಗೆ ಬಾರದ್ದು ಅಂತ ಅಂಗನವಾಡಿ ಗೂಡಿನಲ್ಲಿ ಮಕ್ಕಳ ಸ್ಲೇಟಿನ ಪಕ್ಕ ಇಟ್ಟಿದ್ದಾರೆ. ಗುರವ್ವನಿಗೆ ಮಂಡಿ ನೋವು. ಸಂಘ ನಡೆಸುವವಳು ಹೊನ್ನವ್ವ. ಅವಳಿಗೆ ಈಗಲೂ ಕೆಟ್ಟ ದಿನಗಳಿವೆ, ಆ ದಿನ ಬಾಯಿಬಿಟ್ಟು ಹೇಳುತ್ತಾಳೆ.

ಮೊನ್ನೆ ಒಬ್ಬ ಹೊಸ ಹುಡುಗಿ ಬಂದಿದ್ದಳು. ಕಣ್ಣು ಕೆಂಪು, ಕೆನ್ನೆ ಒದ್ದೆ. ನನ್ನನ್ನು ಬೆಂಕಿ ಮುಟ್ಟಿದಂತೆ ಮುಟ್ಟಿ, "ಏನಿಲ್ರಿ, ಘಾಟು" ಅಂತ ದಾಟಿಸಿದಳು. ಹೊನ್ನವ್ವ ಅವಳ ಕೈಯನ್ನು ಮೂಗಿನ ಹತ್ತಿರ ತಂದಳು. ನನಗೂ ಗೊತ್ತಿತ್ತು, ಆ ಕೈಯಲ್ಲಿ ಘಾಟು ಚುರುಗುಟ್ಟುತ್ತಿತ್ತು. ಹುಡುಗಿ ಸುಳ್ಳು ಹೇಳಿರಲಿಲ್ಲ. ಉಳಿದವರು ನಿರಾಳವಾಗಿ ಉಸಿರು ಬಿಟ್ಟರು.

ಹೊನ್ನವ್ವ ಕೈ ಬಿಡಲಿಲ್ಲ.

"ಘಾಟು ಐತಿ, ಖರೇ" ಅಂದಳು. "ಆದ್ರೂ ಕೇಳ್ತೀನಿ. ಯಾಕ ಅಳ್ತಿ?"