ಬಂಡೆ ತೊಳೆದ ಭಾನುವಾರ

ಎಲ್ಲ ಫೋಟೋಗಳಲ್ಲೂ ಅವರೇ ಅಡ್ಡ ನಿಂತಿದ್ದರು.

ದಾಕ್ಷಾಯಿಣಿ ಮೊಬೈಲನ್ನು ಸೆರಗಿನ ನೆರಳಿಗೆ ಹಿಡಿದು, ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಹಿಂದೆ ಬಂಡೆ. ಬಂಡೆಯ ಮೈತುಂಬ ನೀಲಿ, ಕೆಂಪು, ಹಳದಿ ಅಕ್ಷರ. ಅಕ್ಷರಗಳ ಮುಂದೆ ಹಸಿರು ಟೀ ಶರ್ಟಿನ ಜನ, ಹೆಬ್ಬೆರಳೆತ್ತಿ, ಹಲ್ಲು ಬಿಟ್ಟು. 'ಸ್ವಚ್ಛತೆಗೆ ಮೊದಲು' ಎಂದು ಅಪಾರ್ಟ್‌ಮೆಂಟಿನ ಗ್ರೂಪಿಗೆ ಹಾಕಿದ್ದ ಫೋಟೋಗಳು. ಮೊದಲು ಏನಿತ್ತು ಎಂದು ತೋರಿಸಬೇಕಾದ ಕಡೆ ಇದ್ದದ್ದು ಅವರವರ ಮುಖ.

"ಮುಂದಿನದು ತೋರ್ಸಿ, ಅಕ್ಕಾ," ಎಂದಳು ಕಲಾವತಿ, ತಮಿಳಿನಲ್ಲಿ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು. ಮಡಿಲಲ್ಲಿ ನೀಲಿ ಬಣ್ಣದ ಪುಟ್ಟ ಡಬ್ಬಿ, ಒಂದು ಕುಂಚ. ಡಬ್ಬಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ಭೋಗಿ ಹಬ್ಬದ ಬೆಳಗು. ಹಳೆಯ ಚಾಪೆ, ಟೈರು ಸುಟ್ಟ ಹೊಗೆ ಕ್ರೋಂಪೇಟೆಯ ಮೇಲೆ ಮುಸುಕು ಹಾಕಿತ್ತು. ಗುಡ್ಡದ ಬುಡದ ಓಣಿಯವರು, ಚರ್ಮ ಹದ ಮಾಡುವ ಕಾರ್ಖಾನೆಗಳಲ್ಲಿ ಮೈ ಸವೆಸಿದವರು, ತಮ್ಮ ಸತ್ತವರನ್ನು ಈ ಬಂಡೆಯ ಬುಡದಲ್ಲಿ ಹೂಳುತ್ತಿದ್ದರು. ಕಲ್ಲು ಕೆತ್ತಿಸುವ ತಾಕತ್ತಿಲ್ಲ. ಬಂಡೆಯ ಮೇಲೇ ಹೆಸರು, ಇಸವಿ ಬರೆಯುತ್ತಿದ್ದರು. ಪ್ರತಿ ವರ್ಷ ಪೊಂಗಲ್ಲಿನ ಮುನ್ನಾದಿನ ಬಣ್ಣ ತಂದು ಆ ಅಕ್ಷರಗಳನ್ನೇ ತೀಡಿ ಹೊಸದು ಮಾಡುವುದು ಅವರ ಪದ್ಧತಿ. ಇವತ್ತು ಕಲಾವತಿ ಬಂದು ನೋಡಿದರೆ ತೀಡಲು ಅಕ್ಷರವೇ ಇಲ್ಲ. ಬಂಡೆ ಬೋಳು. ಅಪಾರ್ಟ್‌ಮೆಂಟಿನ ಗೇಟಿಗೆ ಹೋಗಿ, "ಯಾರು ತೊಳೆದದ್ದು?" ಎಂದು ಕೇಳಿದ್ದಾಳೆ. ಯಾರೋ ದಾಕ್ಷಾಯಿಣಿಯ ಮನೆ ತೋರಿಸಿದ್ದಾರೆ. ಯಾಕೆಂದರೆ ಗುಡ್ಡ ಸ್ವಚ್ಛ ಮಾಡುವ ಗುಂಪು ಕಟ್ಟಿದವಳೇ ಅವಳು. ವಿಷಯ ಕೇಳಿ ದಾಕ್ಷಾಯಿಣಿ ಮನೆಯ ಚಪ್ಪಲಿಯಲ್ಲೇ ಓಡಿ ಬಂದಿದ್ದಳು.

ಹೋದ ಭಾನುವಾರ ಎಷ್ಟು ಹುರುಪಿತ್ತು! ಬಾಟಲಿ, ಚಿಪ್ಸಿನ ಪೊಟ್ಟಣ, ಬಿರಿಯಾನಿಯ ಡಬ್ಬಿ ಮೂಟೆಗಟ್ಟಲೆ ಹೊರಬಂದವು. ಪೊದೆಯೊಳಗೆ ಕೈ ಹಾಕಿದಾಗ ಅವಳಿಗೆ ಒಂದು ಮಣ್ಣಿನ ಹಣತೆ ಸಿಕ್ಕಿತ್ತು, ಅದರ ಪಕ್ಕ ವಿಭೂತಿಯ ಪೊಟ್ಟಣ. ಒಂದು ಗಳಿಗೆ ಕೈ ತಡೆಯಿತು. ಅವಳ ಮನೆಯವರೂ ಹೂಳುವವರೇ. ಗಂಡ ಮಹಾಲಿಂಗಪ್ಪನನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ತುಂಬಿ ಮಣ್ಣು ಮಾಡಿದ್ದನ್ನು ಕಣ್ಣಾರೆ ನೋಡಿದವಳು. ಅವನ ಗದ್ದುಗೆಗೆ ಕರಿ ಗ್ರಾನೈಟು, ಕೆತ್ತಿದ ಹೆಸರು. ಹಣತೆ, ವಿಭೂತಿ ಒಟ್ಟಿಗೆ ಎಲ್ಲಿರುತ್ತವೆ ಎಂದು ಅವಳಿಗಲ್ಲದೆ ಇನ್ನಾರಿಗೆ ಗೊತ್ತಾಗಬೇಕಿತ್ತು? ಆದರೆ ಅಷ್ಟರಲ್ಲಿ ಯಾರೋ ಚೀಲ ಒಡ್ಡಿದರು. ಹಾಕಿಬಿಟ್ಟಳು. ಒಣ ಕಸ.

ಅಕ್ಷರಗಳ ಬಗ್ಗೆಯೂ ಕೇಳಿದ್ದಳು. ಹಾವೇರಿಯಿಂದ ಮದುವೆಯಾಗಿ ಬಂದು ಮೂವತ್ತು ವರ್ಷವಾಯಿತು, ತಮಿಳು ನೀರು ಕುಡಿದಂತೆ ಮಾತಾಡುತ್ತಾಳೆ. ಒಂದಕ್ಷರ ಓದಲು ಬರುವುದಿಲ್ಲ. ಬಸ್ಸು ಹತ್ತುವುದು ನಂಬರ್ ನೋಡಿ. ವಿಮಾ ಕಚೇರಿಯ ಕೆಲಸ ಇಂಗ್ಲಿಷಿನಲ್ಲಿ. ಜೊತೆಗಿದ್ದ ಹುಡುಗರು ಶಾಲೆಯಲ್ಲಿ ಹಿಂದಿಯೋ ಫ್ರೆಂಚೋ ತೆಗೆದುಕೊಂಡವರು. ಓದಲು ಬರುತ್ತಿದ್ದವನು ಅಸೋಸಿಯೇಷನ್ನಿನ ಸೆಕ್ರೆಟರಿ ಶಿವಕಿರಣ್ ಒಬ್ಬನೇ. ಅವನೂ ಕನ್ನಡದವನೇ, ಆದರೆ ಇಲ್ಲೇ ಓದಿ ಬೆಳೆದವನು.

"ಏನ್ ಬರದಾರಪಾ ಇದರಾಗ?" ಎಂದು ಕೇಳಿದ್ದಳು.

"ಹೆಸರು, ಆಂಟಿ. ಬರೀ ಹೆಸರು," ಎಂದಿದ್ದ ಶಿವಕಿರಣ್, ಬಾಡಿಗೆಗೆ ತಂದ ಮಷೀನಿನ ಪೈಪು ಜೋಡಿಸುತ್ತ. ಅದು ನೀರಿನ ಜೊತೆ ಮರಳನ್ನೂ ಉಗುಳುವ ಮಷೀನು. ಮಧ್ಯಾಹ್ನದೊಳಗೆ ಬಂಡೆಯ ಚರ್ಮವನ್ನೇ ಸುಲಿದಿತ್ತು. ಬುಡದಲ್ಲಿ ಅಲ್ಲೊಂದು ಇಲ್ಲೊಂದು ಬಿದ್ದಂತಿದ್ದ ಕಲ್ಲುಗಳನ್ನು ಅವಳೇ ಮುಂದೆ ನಿಂತು ಎತ್ತಿಸಿ, ಕಾಲುದಾರಿಯ ಎರಡು ಅಂಚಿಗೆ ಸಾಲಾಗಿ ಜೋಡಿಸಿ, ಸುಣ್ಣ ಹೊಡೆಸಿದ್ದಳು. ಎಷ್ಟು ಚಂದ ಕಾಣುತ್ತಿತ್ತು. ಅವು ಒಬ್ಬೊಬ್ಬರ ತಲೆಯ ಕಡೆ ಇಟ್ಟ ಕಲ್ಲುಗಳು.

"ನನ್ನ ಗಂಡಂದು ಇಲ್ಲೇ ಎಲ್ಲೋ," ಎಂದಳು ಕಲಾವತಿ. "ಮೋಹನ್ ಅಂತ. ತೊಟ್ಟಿ ಕ್ಲೀನ್ ಮಾಡೋಕೆ ಇಳಿಸಿದ್ರು, ಚರ್ಮದ ನೀರಿನ ತೊಟ್ಟಿ. ಮೇಲೆ ಬರ್ಲಿಲ್ಲ." ಒಮ್ಮೆ ಬೋಳು ಬಂಡೆಯನ್ನೂ ಒಮ್ಮೆ ದಾಕ್ಷಾಯಿಣಿಯನ್ನೂ ನೋಡಿದಳು. "ಕ್ಲೀನ್ ಮಾಡೋಕೆ ಹೋಗೇ ಸತ್ತ. ನೀವು ಅವನನ್ನೇ ಕ್ಲೀನ್ ಮಾಡಿಬಿಟ್ರಿ."

ದಾಕ್ಷಾಯಿಣಿ ಕುಂಚಕ್ಕೆ ಕೈ ಚಾಚಿದಳು. "ಇನ್ನೊಮ್ಮೆ ಬರೀರಿ, ಕಲಾವತಿ. ಬಣ್ಣ ಇದೆಯಲ್ಲ. ನಾನೂ ಕೈ ಹಾಕ್ತೀನಿ."

"ಎಲ್ಲಿ ಬರೀಲಿ? ಒತ್ತೊತ್ತಾಗಿ ಮಲಗಿದ್ದಾರೆ. ಅಕ್ಷರದ ಕೆಳಗೆ ಆಳು. ಒಂದು ಮೊಳ ಆಚೆ ಬರೆದ್ರೆ ಬೇರೆಯವಳ ಗಂಡ. ಇವತ್ತು ಮಧ್ಯಾಹ್ನ ಆಫೀಸರ್ ಬರ್ತಾನೆ ಗೊತ್ತಾ? ಪಾರ್ಕ್ ಮಾಡ್ಬೇಕು, ಬೇಲಿ ಹಾಕ್ಬೇಕು ಅಂತ ನಿಮ್ಮ ಅಪಾರ್ಟ್‌ಮೆಂಟಿನವ್ರೇ ಅರ್ಜಿ ಹಾಕಿದ್ದಾರೆ. ಇದು ನಮ್ಮ ಸುಡುಗಾಡು ಅಂತ ನಾವು ಹೇಳಿದ್ವಿ. ಗುರುತು ತೋರ್ಸಿ ಅಂದಿದ್ದಾನೆ."

ಅರ್ಜಿಯ ಸುದ್ದಿ ದಾಕ್ಷಾಯಿಣಿಗೆ ಗೊತ್ತೇ ಇರಲಿಲ್ಲ. ಕೂತಲ್ಲಿಂದಲೇ ಶಿವಕಿರಣ್‌ಗೆ ಫೋನು ಮಾಡಿದಳು.

"ನಿನಗ ಓದಾಕ ಬರ್ತಿತ್ತಲ್ಲೋ! ಸತ್ತವರ ಹೆಸರು ಅಂತ ಯಾಕ ಹೇಳಲಿಲ್ಲ?"

"ಎದುಕ್ಕು ಆಂಟಿ, ಯಾಕೆ ಟೆನ್ಷನ್? ಹೆಸರು ಅಂದೆ ತಾನೇ. ಸುಳ್ಳು ಹೇಳಿದ್ನಾ?"

"ನಿನ್ನ ಹತ್ರ ಬ್ಯಾರೆ ಫೋಟೋ ಅದಾವೇನು? ಜನ ಇಲ್ಲದ್ದು, ಬರೀ ಬಂಡೆದು?"

"ಬರೀ ಕಲ್ಲಿನ ಫೋಟೋ ಯಾರ್ ತೆಗೀತಾರೆ ಆಂಟಿ? ಲಂಚಿಗೆ ಗೆಸ್ಟ್ ಇದ್ದಾರೆ, ಇಡ್ತೀನಿ."

ಮತ್ತೆ ಫೋಟೋಗಳು. ಗುಂಪಿನ ಹುಡುಗಿ ಪೂರ್ಣಿಮಾಳ ಜಡೆಯ ಹಿಂದೆ ಯಾರೋ ಒಬ್ಬರು. ಅನಿಕೇತನ ಹೊಟ್ಟೆಯ ಹಿಂದೆ ಮೂವರು. ಅವಳ ಸ್ವಂತ ಎತ್ತಿದ ತೋಳಿನ ಹಿಂದೆ ಒಂದು ಇಸವಿಯ ಅರ್ಧ. ಸತ್ತವರು ಬದುಕಿದವರ ಬೆನ್ನಿಗೆ ಅಡಗಿ ಕೂತಿದ್ದರು, ಇಷ್ಟಿಷ್ಟೇ ಇಣುಕುತ್ತಿದ್ದರು. ಹಿಗ್ಗಿಸಿದರೆ ಅಕ್ಷರ ಒಡೆದು ಬಣ್ಣದ ಚುಕ್ಕಿಗಳಾಗುತ್ತಿತ್ತು.

"ನಿಲ್ಲಿ!" ಕಲಾವತಿ ಅವಳ ಮಣಿಕಟ್ಟು ಹಿಡಿದಳು. ಪೂರ್ಣಿಮಾಳ ಮೊಣಕೈಗೂ ಸೊಂಟಕ್ಕೂ ನಡುವಿನ ಸಂದಿಯಲ್ಲಿ ನೀಲಿಯ ಒಂದು ಬಾಲ. "ಇದು ನನ್ನ ಮೈದುನನ ಕೈ. ಕೊನೇ ಅಕ್ಷರ ಹೀಗೆ ಎಳೀತಾನೆ. ನೀಲಿ ನಾನೇ ಕೊಡ್ಸಿದ್ದು. ಇದೇ ಅಕ್ಕಾ, ಇದೇ ಅವನು!"

ಬಾಲದ ಪಕ್ಕದಲ್ಲೇ ಬಂಡೆಯ ಒಂದು ಬಿರುಕು ಇಳಿದು ಬಂದಿತ್ತು. ಇಬ್ಬರೂ ಎದ್ದು ಬಂಡೆಗೆ ಓಡಿದರು. ಬಿರುಕುಗಳು ಮೂರಿದ್ದವು. ಒಂದೇ ತಾಯಿಯ ಮಕ್ಕಳ ಹಾಗೆ, ಮೂರೂ ಒಂದೇ ಥರ. ಗುರುತು ಹಿಡಿಯಬೇಕಾದ ಮೇಲಿನ ಭಾಗವನ್ನು ಫೋಟೋದಲ್ಲಿ ಪೂರ್ಣಿಮಾಳ ನಗುವ ತಲೆ ಮುಚ್ಚಿತ್ತು.

"ನೀವು ಪೂರ್ಣಿಮಾ ಆಗಿ ನಿಲ್ಲಿ," ಎಂದಳು ದಾಕ್ಷಾಯಿಣಿ. ಕಲಾವತಿ ಮೊದಲ ಬಿರುಕಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. ದಾಕ್ಷಾಯಿಣಿ ಹಿಂದೆ ಹಿಂದೆ ಸರಿದು, ಮೊಬೈಲಿಗೂ ಅವಳಿಗೂ ಹೋಲಿಸಿದಳು. "ಸ್ವಲ್ಪ ಎಡಕ್ಕೆ. ಕೈ ಮೇಲೆ. ಅಲ್ಲ, ಪೂರ್ಣಿಮಾ ಎತ್ತರ. ತುದಿಗಾಲಲ್ಲಿ ನಿಲ್ಲಿ." ಎರಡನೆಯ ಬಿರುಕು. ಮೂರನೆಯದು. ಮತ್ತೆ ಮೊದಲನೆಯದು. ಗಂಡನನ್ನು ಹುಡುಕಲು ಕಲಾವತಿ ಬಿಸಿಲಿನಲ್ಲಿ ತುದಿಗಾಲ ಮೇಲೆ, ಯಾವಳೋ ಹುಡುಗಿಯ ಫೋಟೋದ ಭಂಗಿಯಲ್ಲಿ ನಿಂತಳು. ಮೂರೂ ಹೊಂದುತ್ತಿದ್ದವು. ಮೂರೂ ಹೊಂದುತ್ತಿರಲಿಲ್ಲ.

ದಾಕ್ಷಾಯಿಣಿ ಬಂಡೆಗೆ ಮುಖ ಹಚ್ಚಿ ಉಗುರಿನಿಂದ ಕೆರೆದಳು. ಎಲ್ಲಾದರೂ ಸಾಸಿವೆಯಷ್ಟು ನೀಲಿ? ಮಷೀನು ಒಳ್ಳೆಯ ಮಷೀನು. ಉಗುರು ಮುರಿಯಿತು, ಕಲ್ಲು ಬಿಳಿ ಹುಡಿ ಕೊಟ್ಟಿತು.

ಮಧ್ಯಾಹ್ನ ಕೆಳಗೆ ಜೀಪು ನಿಂತಿತು. ಎಳೆ ವಯಸ್ಸಿನ ಆಫೀಸರ್ ಬಂದ, ನಯವಾದ ಮನುಷ್ಯ, ಜೊತೆಗೆ ಶಿವಕಿರಣ್. ಸುಣ್ಣದ ಕಲ್ಲುಗಳ ನಡುವೆ ನಡೆದು ಬರುತ್ತ ಆಫೀಸರ್, "ಸೂಪರಾಗಿದೆ ಸಾರ್," ಎಂದ.

"ಇದೆಲ್ಲ ನಮ್ಮ ಆಂಟಿದೇ ಸಾರ್," ಎಂದ ಶಿವಕಿರಣ್. "ಗ್ರೂಪಿನ ಹೆಡ್."

"ಇದು ಸ್ಮಶಾನ ಸಾರ್," ದಾಕ್ಷಾಯಿಣಿ ಓಡಿ ಎದುರಿಗೆ ನಿಂತಳು. "ಇಲ್ಲೆಲ್ಲ ಹೂಳಿದ್ದಾರೆ. ಬಂಡೆ ತುಂಬ ಅವರ ಹೆಸರುಗಳಿದ್ದವು. ನಾವೇ ಅಳಿಸಿದ್ವಿ. ತಿಳೀದೆ."

ಆಫೀಸರ್ ಕಲಾವತಿಯ ಕೈಯಲ್ಲಿದ್ದ ಬಣ್ಣದ ಡಬ್ಬಿ ನೋಡಿದ. "ಇವತ್ತು ಬರೆದ್ರೆ ಗುರುತಾಗಲ್ಲಮ್ಮಾ."

"ಅವಳು ಬರೆದಿಲ್ಲ ಸಾರ್! ನಾನು ಹೇಳ್ತಿದೀನಲ್ಲ, ನಾನು ನೋಡಿದ್ದೀನಿ!"

"ಸರಿ ಮೇಡಂ. ಏನು ಬರೆದಿತ್ತು? ಒಂದು ಹೆಸರು ಹೇಳಿ. ನೀವು ಓದಿದ್ದು."

ದಾಕ್ಷಾಯಿಣಿ ಬಾಯಿ ತೆರೆದಳು. ಕಲಾವತಿ ಅವಳ ಮುಖವನ್ನೇ ನೋಡುತ್ತಿದ್ದಳು.

"ನನಗೆ ತಮಿಳು ಓದೋಕೆ ಬರಲ್ಲ."

"ಆಂಟಿ, ಪ್ಲೀಸ್," ಎಂದ ಶಿವಕಿರಣ್, ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ. "ಮರ್ಯಾದೆ ಉಳಿಸ್ಕೊಳ್ಳಿ."

"ಮರ್ಯಾದಿ ಬ್ಯಾರೆ ಐತೇನಲೇ ನಮಗ?" ಅವಳ ದನಿ ಗುಡ್ಡಕ್ಕೆ ಬಡಿದು ವಾಪಸು ಬಂತು. "ಓದಾಕ ಬರದ ನಾನು ಅಳಸೀನಿ. ಓದಿ ಅಳಸೀಯಲ್ಲ ನೀನು, ನೀ ಹೇಳು ಸಾಹೇಬ್ರಿಗೆ! ಒಂದ್ ಹೆಸರು ಹೇಳು!"

ಶಿವಕಿರಣ್ ವಿಮಾನ ನೋಡುವವನ ಹಾಗೆ ಆಕಾಶ ನೋಡಿದ. ನಿಜಕ್ಕೂ ಒಂದು ವಿಮಾನ ತಗ್ಗಿ ಇಳಿಯುತ್ತಿತ್ತು.

ಆಫೀಸರ್ ಮೊಬೈಲು ತೆಗೆದ. "ಸ್ವಲ್ಪ ಪಕ್ಕಕ್ಕೆ ಬನ್ನಿ ಮೇಡಂ. ಬಂಡೆ ಮಾತ್ರ ಬರ್ಬೇಕು. ರಿಪೋರ್ಟಿಗೆ ಇದ್ದದ್ದು ಇದ್ದ ಹಾಗೆ ಫೋಟೋ ಹಾಕ್ಬೇಕು."

ದಾಕ್ಷಾಯಿಣಿ ಪಕ್ಕಕ್ಕೆ ಬರಲಿಲ್ಲ. ಹಿಂದೆ ಹಿಂದೆ ನಡೆದು ಬಂಡೆಗೆ ಬೆನ್ನು ಹಚ್ಚಿ, ಎರಡು ಕೈಯನ್ನೂ ಅಗಲಿಸಿ ನಿಂತಳು. ಬೋಳು ಬಂಡೆ ಒಂದು ಫೋಟೋದಲ್ಲಿ ಬಂದುಬಿಟ್ಟರೆ ಮುಗಿಯಿತು. ಕಡತದ ಪಾಲಿಗೆ ಇಲ್ಲಿ ಮಲಗಿದವರು ಯಾರೂ ಯಾವತ್ತೂ ಸತ್ತೇ ಇರಲಿಲ್ಲ. ಆಫೀಸರ್ ನಾಲ್ಕು ಹೆಜ್ಜೆ ಬಲಕ್ಕೆ ಹೋದ. ಅವಳೂ ಬಲಕ್ಕೆ ಸರಿದಳು. ಅವನು ಎಡಕ್ಕೆ. ಅವಳು ಎಡಕ್ಕೆ. ಒಂದು ಚಪ್ಪಲಿ ಕಳಚಿ ಬಿತ್ತು. ಬಂಡೆ ಅಗಲ, ಅವಳು ಒಬ್ಬಳು. ಆ ಭಾನುವಾರ ಮುಚ್ಚಿ ನಿಲ್ಲಲು ಎಷ್ಟೊಂದು ಮೈಗಳಿದ್ದವು.

ಅವನು ಬೇಸರ ಮಾಡಿಕೊಳ್ಳದೆ, ಅವಳು ಮುಚ್ಚಲಾಗದ ಕಡೆಯಿಂದ ಒಂದೊಂದೇ ತೆಗೆಯುತ್ತ ಹೋದ.

"ಅಕ್ಕಾ," ಎಂದಳು ಕಲಾವತಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಅವಳು ನೋಡುತ್ತಿದ್ದದ್ದು ಮೊಬೈಲನ್ನಲ್ಲ, ಬಂಡೆಯನ್ನಲ್ಲ, ಆ ಭಾನುವಾರ ಹದವಾಗಿ ಮಟ್ಟ ಮಾಡಿದ ಮಣ್ಣಿನಲ್ಲಿ ಊರಿದ ದಾಕ್ಷಾಯಿಣಿಯ ಬರಿಗಾಲನ್ನು. "ನೀವು ನಿಂತಿರೋದು ಯಾರ ಮೇಲೆ?"

ದಾಕ್ಷಾಯಿಣಿ ಕೆಳಗೆ ನೋಡಿದಳು. ಕಾಲು ಎತ್ತಿದಳು. ಎಲ್ಲಿ ಊರಬೇಕೆಂದು ತಿಳಿಯದೆ, ಒಂಟಿ ಕಾಲಲ್ಲೇ ನಿಂತಳು.