ಹನ್ನೆರಡು ತಂತಿಯ ಎಳೆತ

ಹೊಸ ತಿಪ್ಪಸಂದ್ರದ ಫರ್ನಿಚರ್ ಅಂಗಡಿಯಲ್ಲಿ ಮಂಚ, ಸೋಫಾಗಳಿಗೆ ಪಾಲಿಶ್ ಹೊಡೆದೂ ಹೊಡೆದೂ ದುರ್ಗೇಶನ ಎದೆ ಸೋತಿತ್ತು. ತಿನ್ನರ್ ವಾಸನೆ ಬಿಡದೆ ಕೆಮ್ಮು ಬಿಡುವುದಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಬಿಟ್ಟರೆ ಮಾಡುವುದೇನು? ಹುಡುಕಿ ಹುಡುಕಿ ಸಿಕ್ಕಿದ್ದು ಒಂದೇ ದಾರಿ. ಶಿವಾಜಿನಗರದ ವಾದ್ಯಗಳ ಅಂಗಡಿಗೆ ರಿಪೇರಿಯವನೊಬ್ಬ ಬೇಕಾಗಿದ್ದ. ಒಡತಿ ಅಂಬ್ರೀನ್ ಪರೀಕ್ಷೆಗೆಂದು ಹಳೆಯ ಗಿಟಾರೊಂದನ್ನು ಅವನ ಕೈಗಿಟ್ಟಳು.

"ಆರಲ್ಲ ಭಾಯ್, ಹನ್ನೆರಡು ತಂತಿ. ಆ ಕಾಲಕ್ಕೇ ಅಗ್ಗದ ಮಾಲು. ತಂತಿ ಕಟ್ಟೋ ಈ ಮರದ ಪಟ್ಟಿ, ಬ್ರಿಡ್ಜು, ಕಿತ್ಕೊಂಡ್ ಬಂದಿದೆ. ಇದನ್ನ ನಿಲ್ಸಿದ್ರೆ ಕೆಲಸ ನಿಮ್ದೇ."

ರಾಮಮೂರ್ತಿ ನಗರದ ಒಂಟಿ ಕೋಣೆಯಲ್ಲಿ ದುರ್ಗೇಶ ಅದನ್ನು ಕೂಸಿನಂತೆ ನೋಡಿಕೊಂಡ. ಬಿರುಕುಗಳಿಗೆ ಪುಡಿ ಕಲಸಿದ ಲಪ್ಪ ತುಂಬಿದ, ಮೈಯನ್ನೆಲ್ಲ ಉಜ್ಜಿದ, ಅರಿವೆಯನ್ನು ಪಾಲಿಶ್‌ನಲ್ಲಿ ಅದ್ದಿ ಪದರದ ಮೇಲೆ ಪದರ ತೀಡಿದ. ಕೊನೆಗೆ ಗೋಂದು ಹಚ್ಚಿ ಬ್ರಿಡ್ಜನ್ನು ಕೂರಿಸಿ ಒತ್ತಿ ಹಿಡಿಯುವ ಶಿಕಂಜ ಬಿಗಿದ.

"ಇದಕ್ಕ ಮಾಡಿದ್ದರಾಗ ಅರ್ಧ ನನಗ ಮಾಡಿದ್ರ ನಾನೂ ಹಿಂಗ ಹೊಳೀತಿದ್ದೆ," ಎಂದಳು ಹೆಂಡತಿ ಗಂಗಾ.

"ಸುಮ್ನಿರ. ಇದು ನಿಂತರ ಸಾಕು ನನಗ."

ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಹತ್ತಿದವನು ದಾರಿಯುದ್ದಕ್ಕೂ ಬ್ರಿಡ್ಜನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಂಡ. ಅಲ್ಲಾಡಲಿಲ್ಲ. ಆದರೂ ಇಳಿಯುವ ಮುಂಚೆ ಮತ್ತೊಮ್ಮೆ ಮುಟ್ಟಿದ.

ಅಂಬ್ರೀನ್ ಗಿಟಾರನ್ನು ಬೆಳಕಿಗೆ ಹಿಡಿದು ನಕ್ಕಳು. "ಅಬ್ಬಾ! ಮದುವೆ ಮಂಚಾನ ಇದು?" ಎಂದವಳೇ ತಂತಿ ಕಟ್ಟಿ ಒಂದೊಂದಾಗಿ ಬಿಗಿಯತೊಡಗಿದಳು. ಒಂಬತ್ತನೆಯ ತಂತಿಗೆ ಕಿರ್ ಎಂಬ ಸಣ್ಣ ಸದ್ದು. ಹತ್ತನೆಯದಕ್ಕೆ ಫಟ್ಟೆಂದು ಬ್ರಿಡ್ಜು ಹಾರಿ, ತಂತಿಗಳೆಲ್ಲ ಜೋತುಬಿದ್ದವು.

ಹೋಯಿತು ಕೆಲಸ, ಎಂದುಕೊಂಡ ದುರ್ಗೇಶ. ಚೀಲ ತೆಗೆದುಕೊಂಡು ಎದ್ದುಬಿಡೋಣ ಅನ್ನಿಸಿತು. ಆದರೆ ಕೈ ತಾನಾಗಿ ಬ್ರಿಡ್ಜನ್ನು ಮಗುಚಿತು. ಅದರ ಅಡಿಯಲ್ಲಿ ಗೋಂದು ಕನ್ನಡಿಯಂತೆ ನುಣ್ಣಗೆ ಒಣಗಿತ್ತು. ಒಂದು ಚೂರು ಮರವೂ ಅಂಟಿಕೊಂಡು ಬಂದಿರಲಿಲ್ಲ. ಗಿಟಾರಿನ ಮೇಲೆ, ಬ್ರಿಡ್ಜ್ ಕೂತಿದ್ದ ಜಾಗದಲ್ಲಿ, ಅವನದೇ ಪಾಲಿಶ್ ಫಳಫಳ ಹೊಳೆಯುತ್ತಿತ್ತು.

ಬರಿಯ ಮರ ಎಲ್ಲೂ ಕಾಣಬಾರದು ಎನ್ನುವುದು ಪಾಲಿಶ್‌ನವರ ನೇಮ. ಮಂಚದ ಅಡಿಯನ್ನೂ ಅವನು ಬಿಟ್ಟವನಲ್ಲ.

"ಮೇಡಂ, ಗೋಂದು ಮರಕ್ಕ ಹತ್ತೇ ಇಲ್ರಿ. ನನ್ನ ಪಾಲಿಶ್‌ಗ ಹತ್ತ್ಯದ," ಎಂದ. "ಒಂದು ಬ್ಲೇಡ್ ಕೊಡ್ರಿ. ಆಮ್ಯಾಲ ಬೇಕಾದ್ರ ಕಳಿಸ್ರಿ."

ಅಂಬ್ರೀನ್ ಅವನನ್ನೊಮ್ಮೆ, ಗಿಟಾರನ್ನೊಮ್ಮೆ ನೋಡಿದಳು. "ಮುರಿದದ್ದಕ್ಕೆ ಎಲ್ರೂ ತಂತೀನೇ ಬಯ್ತಾರೆ. ಮಗುಚಿ ನೋಡ್ದವ್ರು ನೀವೇ," ಎಂದು ಬ್ಲೇಡ್ ಕೊಟ್ಟಳು. "ಬ್ರಿಡ್ಜಿನಷ್ಟಗಲ ಮಾತ್ರ ಕೆರೀರಿ ಭಾಯ್, ಜಾಸ್ತಿ ಬೇಡ."

ತಾನೇ ತೀಡಿದ ಹೊಳಪನ್ನು ತಾನೇ ಕೆರೆಯುವುದು ಸಂಕಟದ ಕೆಲಸ. ಹಳದಿ ಮರ ಕಾಣುವವರೆಗೂ ಕೆರೆದ. ಹೊಸ ಗೋಂದು, ಮತ್ತೆ ಶಿಕಂಜ.

ಚೆನ್ನಾಗಿ ಒಣಗಿದ ಮೇಲೆ ಮತ್ತೆ ತಂತಿ ಏರಿತು. "ಹಳೇ ಜೀವ, ಶ್ರುತಿ ಎರಡು ಮನೆ ಇಳಿಸೋಣ, ಎಳೆತ ಕಮ್ಮಿ ಇರ್ಲಿ," ಎಂದಳು ಅಂಬ್ರೀನ್. ಹತ್ತು ದಾಟಿತು. ಹನ್ನೊಂದು. ಹನ್ನೆರಡು. ಅವಳು ಮೀಟಿದಳು. ದುರ್ಗೇಶ ಮಾತ್ರ ಬ್ರಿಡ್ಜಿನಿಂದ ಕಣ್ಣು ಕೀಳಲಿಲ್ಲ.

"ನೋಡಿದ್ದು ಸಾಕು, ಈಗ ಕೇಳಿ."

ಕೇಳಿದ. ಒಂದೇ ಪದವನ್ನು ಗಂಡಸೊಬ್ಬ, ಹೆಂಗಸೊಬ್ಬಳು ಜೊತೆಗೂಡಿ ಹಾಡಿದಂತಿತ್ತು.

"ನಾಳೆ ಮುಂಜಾನೆವರೆಗೂ ನಿಂತರ ನಿಂತಂಗ್ರಿ," ಎಂದ, ಇನ್ನೂ ನಂಬದೆ.

"ಹಾಗಾದ್ರೆ ನಾಳೆ ಬೇಗ ಬನ್ನಿ. ಬಂದು ನೀವೇ ನೋಡಿ," ಎಂದು ಅಂಬ್ರೀನ್ ಅಂಗಡಿಯ ಬೀಗದ ಕೈಯನ್ನು ಅವನ ಮುಂದೆ ಚಾಚಿದಳು.