ಕಿವಿಯಲ್ಲಿ ಹತ್ತಿ

ನನ್ನ ಸ್ವಂತ ಅಣ್ಣನ ಮಗಳು, ನನ್ನ ಮನೆಗೆ ಹಾಡು ಕೇಳಲು ಬಂದವಳು, ಕಿವಿಯಲ್ಲಿ ಹತ್ತಿ ತುರುಕಿಕೊಂಡು ಬಂದಿದ್ದಳು! ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ಹೋಗಯ್ಯಾ ಎಂದು ಅಟ್ಟಿಬಿಡುತ್ತಿದ್ದೆ. ಆದರೆ ನಾನೇ ಕಣ್ಣಾರೆ ಕಂಡೆ. ಬಿಸ್ಕತ್ತಿನ ತಟ್ಟೆಗೆ ಬಗ್ಗಿದಾಗ ಅವಳ ಕೂದಲು ಹಿಂದಕ್ಕೆ ಸರಿಯಿತು, ಒಳಗಿಂದ ಬೆಳ್ಳಗಿನ ಉಂಡೆ ಇಣುಕಿತು.

ಇದು ನನಗೆಷ್ಟು ದೊಡ್ಡ ಪೆಟ್ಟು ಎಂದು ತಿಳಿಯಬೇಕಾದರೆ ನಾನು ಯಾರೆಂದು ಸ್ವಲ್ಪ ಹೇಳಬೇಕು. ಆಂಪ್ಲಿಫೈಯರ್, ಸ್ಪೀಕರ್ ರಿಪೇರಿ ನನ್ನ ಕೆಲಸ. ಕೆಳಗೆ ಅಂಗಡಿ, ಮೇಲೆ ಮನೆ. ಸಭಾಂಗಣಗಳಲ್ಲಿ ಕಾರ್ಯಕ್ರಮವಿದ್ದರೆ ಅಲ್ಲಿಗೂ ಹೋಗಿ ಸದ್ದು ಹದ ಮಾಡಿ ಕೊಡುತ್ತೇನೆ. ಬೀದಿಯವರೆಲ್ಲ ನನ್ನನ್ನು ಸ್ಪೀಕರಮ್ಮ ಎನ್ನುತ್ತಾರೆ. ಆ ಹೆಸರು ನನ್ನ ಕೆಲಸ ನೋಡಿ ಬಂದದ್ದೋ, ನನ್ನ ಗಂಟಲು ಕೇಳಿ ಬಂದದ್ದೋ, ನಾನು ವಿಚಾರಿಸಲು ಹೋಗಿಲ್ಲ. ನನ್ನ ಹೊಟ್ಟೆಪಾಡು ನಡೆಯುವುದೇ ಈ ಎರಡು ಕಿವಿಗಳಿಂದ. ಮೀಟರು, ಯಂತ್ರ ಎಲ್ಲರ ಹತ್ತಿರವೂ ಇರುತ್ತದೆ. ಕೊನೆಗೆ 'ಆಯಿತು, ಇನ್ನು ಮುಟ್ಟಬೇಡಿ' ಎಂದು ಹೇಳಬೇಕಾದದ್ದು ಕಿವಿ.

ನಮ್ಮ ಕಾಲದ ಹಾಡೇ ಹಾಡು ಎಂದು ಗೊಣಗುತ್ತ ಕೂರುವ ಜಾತಿಯೂ ನನ್ನದಲ್ಲ. ಯಾರೂ ಕೇಳದ ಹೊಸದನ್ನು ಎಲ್ಲೆಲ್ಲಿಂದಲೋ ಹುಡುಕಿ ತರುವುದು ನನ್ನ ಹುಚ್ಚು. ಆದರೆ ಒಬ್ಬಳೇ ಕೇಳಿ ಏನು ಸುಖ? ಮದುವೆ ಗಿದುವೆ ಆಗಲಿಲ್ಲ, ಮಕ್ಕಳಿಲ್ಲ. ಅಣ್ಣನಿಗೆ ಹಾಡೂ ಒಂದೇ, ಮಿಕ್ಸಿ ತಿರುಗುವ ಸದ್ದೂ ಒಂದೇ. ಉಳಿದವರು ಅವನ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕಡ್ಡಿ, ಹೆಸರಿಗೆ ತಕ್ಕ ಮೈ, ಮಾತು ಕಮ್ಮಿ. ಚಿಕ್ಕವಳು ಪಟಾಕಿ, ಅವಳ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಭಾನುವಾರ ಮಧ್ಯಾಹ್ನ ಬರುತ್ತಿದ್ದರು, ನಾನು ಹೊಸದೊಂದು ಹಾಕುತ್ತಿದ್ದೆ, ಮೂವರೂ ಚಾಪೆಯ ಮೇಲೆ ಉರುಳಿಕೊಂಡು ಕೇಳುತ್ತಿದ್ದೆವು. ಈ ಮಕ್ಕಳ ಎದೆಯಲ್ಲಿ ನನ್ನ ಹಾಡುಗಳು ಉಳಿದರೆ ಸಾಕು, ನನಗೆ ಇನ್ನೇನೂ ಬೇಡ ಎಂದುಕೊಳ್ಳುತ್ತಿದ್ದೆ.

ಈಚೆಗೆ ನೆಪಗಳು ಶುರುವಾಗಿದ್ದವು. ಒಂದು ವಾರ ಹೊಟ್ಟೆನೋವು, ಇನ್ನೊಂದು ವಾರ ಪರೀಕ್ಷೆ, ಮತ್ತೊಂದು ವಾರ ಬರೀ ತಲೆನೋವು. ಬಂದರೂ ಹಾಡು ಅರ್ಧವಾಗುವಷ್ಟರಲ್ಲಿ ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದರು. ದೊಡ್ಡವರಾಗುತ್ತಿದ್ದಾರೆ, ಅತ್ತೆಯೆಂದರೆ ಇವರಿಗೆ ಬೇಸರ ಬಂದಿದೆ ಎಂದು ಒಳಗೊಳಗೇ ಕೊರಗಿದೆ. ಬಾಯಿ ಬಿಟ್ಟು ಹೇಳಲಿಲ್ಲ. ಈ ಭಾನುವಾರ ಮಾತ್ರ ಫೋನಿನಲ್ಲೇ ಜಬರಿಸಿ ಕರೆಸಿದ್ದೆ. ಎಲ್ಲೋ ದೂರದ ಮೂವರು ಹೆಂಗಸರು ಸೇರಿ ಮಾಡಿದ ಒಂದು ಹಾಡು ಸಿಕ್ಕಿತ್ತು. ಒಬ್ಬಳು ಆಳೆತ್ತರದ ಪಿಟೀಲು ನುಡಿಸುತ್ತಾಳೆ, ಒಬ್ಬಳು ಚರ್ಮವಾದ್ಯ ಬಡಿಯುತ್ತಾಳೆ, ಮೂರನೆಯವಳು ಮಾತಿಲ್ಲದೆ ಬರೀ ದನಿಯಲ್ಲಿ ಹಾಡುತ್ತಾಳೆ. ತಿಂಗಳಿಂದ ದಿನವೂ ಕೇಳುತ್ತಿದ್ದೆ. ಇದನ್ನು ಕೇಳಿಯೂ ಇವರು ಕರಗದಿದ್ದರೆ ನನ್ನ ಹೆಸರು ಬದಲಾಯಿಸಿ ಎಂದುಕೊಂಡಿದ್ದೆ.

ಹಾಡು ಹಾಕಿ ತಟ್ಟೆ ಮುಂದಿಟ್ಟಿದ್ದೆ, ಅಷ್ಟರಲ್ಲಿ ಈ ಹತ್ತಿ.

"ಏನೇ ಇದು?" ಎಂದೆ. ಪಟಾಕಿ ಬಿಸ್ಕತ್ತು ಬಾಯಲ್ಲಿಟ್ಟುಕೊಂಡೇ ಕಣ್ಣು ಕಣ್ಣು ಬಿಟ್ಟಳು.

"ಕಿವೀಲಿ ಏನೇ ಅದು? ತೆಗಿ! ತೆಗಿ ಮೊದಲು!"

"ಅಮ್ಮ ಇಟ್ಟಿದ್ದು ಅತ್ತೆ," ಎಂದಳು. ಕಡ್ಡಿ ಅವಳ ತೊಡೆ ಚಿವುಟಿದಳು. ಚಿವುಟಿದ್ದು ನನಗೆ ಕಾಣದೇ ಇರುತ್ತದೆಯೇ? ಕಡ್ಡಿಯ ಕೂದಲು ಸರಿಸಿ ನೋಡಿದೆ. ಅಲ್ಲೂ ಹತ್ತಿ. ಎರಡು ಕಿವಿಯಲ್ಲೂ ನೀಟಾಗಿ, ಉಂಡೆ ಕಟ್ಟಿ.

ನನ್ನ ಪಿತ್ತ ನೆತ್ತಿಗೇರಿತು. "ಓಹೋ! ಮನೆ ಮಂದಿಯೆಲ್ಲ ಸೇರ್ಕೊಂಡು ತಯಾರಿ ಮಾಡಿದೀರಾ? ನಾನೇನು ತಗಡು ಉಜ್ತೀನಾ ಇಲ್ಲಿ? ಇಷ್ಟ ಇಲ್ಲ ಅಂದ್ರೆ ಇಷ್ಟ ಇಲ್ಲ ಅನ್ನಬಾರದಾ? ನಿಮ್ಮಮ್ಮನಿಗೆ ಫೋನ್ ಮಾಡಿ ಕೇಳ್ತೀನಿ ಇರಿ, ಏನತ್ತಿಗೆ, ನನ್ನ ಮರ್ಯಾದೆ ತೆಗೆಯೋಕೆ ಎಷ್ಟು ಹತ್ತಿ ಖರ್ಚಾಯ್ತು ಅಂತ!"

ಹಾಡನ್ನು ಟಪ್ಪೆಂದು ನಿಲ್ಲಿಸಿದೆ. ಕೋಣೆ ತಣ್ಣಗಾಯಿತು. ಕಡ್ಡಿಯ ಕಣ್ಣಲ್ಲಿ ನೀರು ತುಂಬಿತ್ತು. ಆ ಹುಡುಗಿ ಅಳುವುದು ಅಪರೂಪ.

"ಹಾಡು ಅಲ್ಲ ಅತ್ತೆ," ಎಂದಳು. "ಹಾಡು ಚೆನ್ನಾಗಿರತ್ತೆ. ಆ ಕೀರಲು ಸದ್ದು ಇದೆಯಲ್ಲ, ಅದನ್ನ ತಡ್ಕೊಳ್ಳಕ್ಕಾಗಲ್ಲ."

"ಯಾವ ಕೀರಲು?"

"ಅದೇ... ಕೀ ಅಂತ. ಈಗ್ಲೂ ಬರ್ತಿದೆಯಲ್ಲ."

ನಾನು ಆಲಿಸಿದೆ. ಬೀದಿಯಲ್ಲಿ ಯಾವುದೋ ಲಾರಿ ಹೋಯಿತು. ಅದು ಬಿಟ್ಟರೆ ಏನೂ ಇಲ್ಲ. ಆಂಪ್ಲಿಫೈಯರಿನ ಕೆಂಪು ದೀಪ ಉರಿಯುತ್ತಿತ್ತು. ನಾನೇ ಕೈಯಾರೆ ಕಟ್ಟಿದ್ದು, ಒಂದೊಂದು ತಂತಿಯನ್ನೂ ನಾನೇ ಬೆಸೆದದ್ದು.

"ನನ್ನ ಹತ್ರಾನೇ ಆಟ ಆಡ್ತೀರಾ?" ಎಂದೆ.

"ಇಲ್ಲ ಅತ್ತೆ, ನಿಜವಾಗ್ಲೂ! ಹಲ್ಲು ಜುಮ್ಮನ್ನತ್ತೆ!" ಎಂದಳು ಪಟಾಕಿ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು.

ಸರಿ, ಕಳ್ಳರನ್ನು ಹಿಡಿಯುವುದು ನನಗೇನು ಹೊಸದೇ? ಸೆಟ್ಟಿನಲ್ಲಿ ಸದ್ದು ಬರುತ್ತದೆ ಎಂದು ಸುಳ್ಳು ಹೇಳಿ ಹೊಸದು ಕೊಡಿ ಎನ್ನುವ ಗಿರಾಕಿಗಳನ್ನು ಎಷ್ಟು ನೋಡಿಲ್ಲ! ಹತ್ತಿ ತೆಗೆಸಿ ಇಬ್ಬರನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಸದ್ದು ಕೇಳಿದಾಗ ಕೈ ಎತ್ತಿ, ನಿಂತಾಗ ಇಳಿಸಿ, ಒಬ್ಬರನ್ನೊಬ್ಬರು ನೋಡಿದರೆ ಕಿವಿ ಹಿಂಡುತ್ತೇನೆ ಎಂದೆ. ಆಮೇಲೆ ಸದ್ದಿಲ್ಲದೆ, ತೆಳು ಸದ್ದನ್ನು ಏರಿಸಿ ಇಳಿಸುವ ಟ್ರೆಬಲ್ ಗುಂಡಿಯನ್ನು ಕೊನೆಯವರೆಗೂ ಇಳಿಸಿದೆ.

ಇಬ್ಬರ ಕೈಯೂ ಒಟ್ಟಿಗೆ ಇಳಿಯಿತು.

ಏರಿಸಿದೆ. ಎರಡು ಕೈಗಳೂ ಮೇಲೆ. ಇಳಿಸಿದೆ. ಕೆಳಗೆ. ಬೇಕೆಂದೇ ತಡ ಮಾಡಿದೆ, ಬೇಕೆಂದೇ ಅವಸರ ಮಾಡಿದೆ. ಗುಂಡಿಯ ಜತೆಗೆ ಆ ಕೈಗಳು ಏಳುತ್ತಿದ್ದವು, ಬೀಳುತ್ತಿದ್ದವು. ನನ್ನ ಪಾಲಿಗೆ ಆ ಕೋಣೆಯಲ್ಲಿ ಅಷ್ಟು ಹೊತ್ತೂ ಒಂದು ಸೊಳ್ಳೆಯ ಸದ್ದೂ ಇರಲಿಲ್ಲ.

ಕೆಳಗೆ ಅಂಗಡಿಗೆ ಓಡಿದೆ. ರಿಪೇರಿಗೆ ಬಳಸುವ ಒಂದು ಪೆಟ್ಟಿಗೆ ಇದೆ. ಅದರ ಚಕ್ರ ತಿರುಗಿಸಿದರೆ ಗೊರಕೆಯಂಥ ದಪ್ಪ ಸದ್ದಿನಿಂದ ಹಿಡಿದು ಸೂಜಿಯಂಥ ತೆಳು ಸದ್ದಿನವರೆಗೆ ಯಾವುದು ಬೇಕಾದರೂ ಹುಟ್ಟಿಸಬಹುದು. ಅದನ್ನು ಸ್ಪೀಕರ್‌ಗಳ ಮೇಲೆ ಪ್ರಯೋಗಿಸುತ್ತೇನೆಯೇ ಹೊರತು ನನ್ನ ಮೇಲೆ ಯಾವತ್ತೂ ಪ್ರಯೋಗಿಸಿರಲಿಲ್ಲ. ಡಾಕ್ಟರು ತಮ್ಮ ನಾಡಿ ತಾವೇ ಹಿಡಿದು ನೋಡಿಕೊಳ್ಳುತ್ತಾರೆಯೇ? ಮೇಲೆ ತಂದು ಜೋಡಿಸಿದೆ, ಪಕ್ಕದಲ್ಲಿ ಮೀಟರು ಇಟ್ಟೆ. ಇದು ಒಂದು ಪರೀಕ್ಷೆ, ಮತ್ತೆ ಗೋಡೆ ಕಡೆ ತಿರುಗಿ ಎಂದೆ.

ಚಕ್ರವನ್ನು ಮೆಲ್ಲಗೆ ಮೇಲಕ್ಕೆ ತಿರುಗಿಸಿದೆ. ಸದ್ದು ಏರಿತು, ತೆಳುವಾಯಿತು, ಮತ್ತೂ ತೆಳುವಾಯಿತು, ನೋಡನೋಡುತ್ತಲೇ ಮಂಗಮಾಯವಾಯಿತು. ಚಕ್ರ ಇನ್ನೂ ಅರ್ಧ ದಾರಿಯಲ್ಲಿತ್ತು. ತಂತಿ ಕಿತ್ತುಬಂತೇ ಎಂದು ನೋಡಿದೆ. ಇಲ್ಲ, ಗಟ್ಟಿಯಾಗಿತ್ತು. ಮೀಟರಿನ ಮುಳ್ಳು ಎದ್ದು ನಿಂತಿತ್ತು. ಸ್ಪೀಕರಿನಿಂದ ಸದ್ದು ಬರುತ್ತಿದೆ ಎಂದು ಆ ಮುಳ್ಳು ಹೇಳುತ್ತಿತ್ತು. ಮಕ್ಕಳ ಕೈಗಳೂ ಮೇಲೆಯೇ ಇದ್ದವು. ಪಟಾಕಿಯ ಭುಜಗಳು ಕಿವಿಯವರೆಗೆ ಮುದುಡಿದ್ದವು. ಇನ್ನೂ ತಿರುಗಿಸಿದೆ. ಇನ್ನೂ. ಕೈ ಇಳಿಯಲಿ, ದಯವಿಟ್ಟು ಈಗಲಾದರೂ ಇಳಿಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಅತ್ತೆ, ಸಾಕು, ನೋಯ್ತಿದೆ," ಎಂದಳು ಕಡ್ಡಿ, ಗೋಡೆಗೆ ಮುಖ ಮಾಡಿಕೊಂಡೇ.

ಸ್ವಿಚ್ಚು ಆರಿಸಿದೆ. ಅಲ್ಲೇ ನೆಲದ ಮೇಲೆ ಕುಕ್ಕರಿಸಿದೆ. ಇಷ್ಟು ವರ್ಷ ಆ ದೊಡ್ಡ ದೊಡ್ಡ ಸ್ಪೀಕರ್‌ಗಳ ಬಾಯಿಗೆ ತಲೆ ಕೊಟ್ಟು ನಿಂತದ್ದರ ಫಲ ಇದು ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಯಾವಾಗ ಹೋಯಿತು? ಒಂದು ದಿನ ಇದ್ದಕ್ಕಿದ್ದಂತೆ ಹೋಗಿದ್ದರೆ ತಿಳಿಯುತ್ತಿತ್ತು. ಚೂರು ಚೂರೇ ಹೋಗಿದೆ. ಹಾಡು ಮಂಕಾಗಿದೆ ಎನಿಸಿದಾಗಲೆಲ್ಲ ನಾನು ಟ್ರೆಬಲ್ ಏರಿಸಿದ್ದೇನೆ, ಅದೂ ಸಾಲದೆ ಆಂಪ್ಲಿಫೈಯರ್ ಬಿಚ್ಚಿ ಅದರ ಶಕ್ತಿಯನ್ನೇ ಹೆಚ್ಚಿಸಿದ್ದೇನೆ. ಕೊನೆಗೆ ಅದು ತಾನಾಗಿ ಕೀರಲು ಶುರು ಮಾಡಿದೆ. ಅದೂ ನನಗೆ ಕೇಳಿಸಿಲ್ಲ. ಸಭಾಂಗಣದ ಮ್ಯಾನೇಜರು ಮೊನ್ನೆ ಬಂದು, ಜನ ತಲೆನೋವು ಅಂತಿದ್ದಾರೆ ಮೇಡಂ, ಸ್ವಲ್ಪ ನೋಡಿ ಎಂದಿದ್ದರು. ನಿಮ್ಮ ಜನಕ್ಕೆ ಕಿವಿ ಇಲ್ಲ ಎಂದು ಬೈದು ಕಳಿಸಿದ್ದೆ. ಅಯ್ಯೋ ದೇವರೇ!

"ಎಷ್ಟು ದಿನದಿಂದ?" ಎಂದು ಕೇಳಿದೆ.

"ತುಂಬಾ ದಿನ ಆಯ್ತು," ಎಂದಳು ಕಡ್ಡಿ.

"ಯಾಕೇ ಹೇಳಲಿಲ್ಲ? ಬಾಯಿಗೆ ಏನಾಗಿತ್ತು?"

"ಅಪ್ಪ ಬೇಡ ಅಂದ್ರು. ಅವಳಿಗೆ ಕಿವಿಯೇ ಪ್ರಾಣ, ಗೊತ್ತಾದ್ರೆ ಕುಸಿದು ಹೋಗ್ತಾಳೆ, ಹೆಂಗೋ ತಡ್ಕೊಳ್ಳಿ ಅಂದ್ರು. ಅಮ್ಮ ಹತ್ತಿ ಕೊಟ್ರು."

ಅಂದರೆ ಅಣ್ಣನಿಗೂ ಗೊತ್ತು. ಹಾಡಿಗೂ ಮಿಕ್ಸಿಗೂ ವ್ಯತ್ಯಾಸ ತಿಳಿಯದ ನಮ್ಮಣ್ಣನಿಗೆ ನನ್ನ ಕಿವಿ ಹೋದದ್ದು ಗೊತ್ತು, ನನಗೆ ಗೊತ್ತಿಲ್ಲ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಳುವೇ ಮೊದಲು ಬಂತು. ಮಕ್ಕಳ ಮುಂದೆ ನಾನು ಅತ್ತದ್ದು ಅದೇ ಮೊದಲು. ಪಟಾಕಿ ಹೆದರಿ ತನ್ನ ಬಿಸ್ಕತ್ತನ್ನೇ ನನ್ನ ಕೈಗೆ ತುರುಕಿದಳು.

"ಇನ್ನು ಬರಬೇಡ್ರೇ," ಎಂದೆ. "ನಿಮಗ್ಯಾಕೆ ಈ ಶಿಕ್ಷೆ. ನನ್ನ ಹಾಡು ನನಗಿರಲಿ."

"ನಿನಗೊಬ್ಬಳಿಗೇ ಯಾಕಿರಬೇಕು?" ಎಂದಳು ಕಡ್ಡಿ. ಅವಳ ದನಿಯಲ್ಲಿ ಸಿಟ್ಟಿತ್ತು. ನನ್ನ ಸಿಟ್ಟೇ ಅದು, ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. "ನೀನು ಹಾಕಿದ್ದನ್ನೆಲ್ಲ ನಾವು ಮನೆಗೆ ಹೋಗಿ ಫೋನಲ್ಲಿ ಹುಡುಕಿ ಕೇಳ್ತೀವಿ. ಇವಳು ಸ್ನಾನ ಮಾಡ್ತಾ ಹಾಡೋದೆಲ್ಲ ನಿನ್ನವೇ. ಬೇಕಾದ್ರೆ ಅಮ್ಮನ್ನ ಕೇಳು. ಇಲ್ಲಿ ಮಾತ್ರ ಕೇಳಕ್ಕಾಗಲ್ಲ, ಅಷ್ಟೇ."

ಈ ಮಕ್ಕಳು ಕೈ ತಪ್ಪಿ ಹೋದರು ಎಂದು ಕೊರಗುತ್ತ ಕೂತಿದ್ದೆನಲ್ಲ, ಇವರು ಹತ್ತಿ ಇಟ್ಟುಕೊಂಡಾದರೂ ಬಂದು, ಹಾಡು ಯಾವುದೆಂದು ನೋಡಿಕೊಂಡು ಹೋಗುತ್ತಿದ್ದರು!

ಎದ್ದು ಕಡ್ಡಿಯ ಕೈ ಹಿಡಿದು ಆಂಪ್ಲಿಫೈಯರಿನ ಮುಂದೆ ಕೂರಿಸಿದೆ. ಯಾರ ಕೈಗೂ ಕೊಟ್ಟಿರದ ಗುಂಡಿಗಳು ಅವು. "ನಿನಗೆ ಹೆಂಗೆ ಬೇಕೋ ಹಂಗೆ ಮಾಡು," ಎಂದೆ. ಹಾಡನ್ನು ಮೊದಲಿನಿಂದ ಹಾಕಿದೆ.

ಅವಳು ಒಂದೊಂದೇ ಗುಂಡಿ ಇಳಿಸಿದಳು. ಅವಳು ಇಳಿಸಿದ ಹಾಗೆಲ್ಲ ಹಾಡು ನನ್ನಿಂದ ದೂರ ಸರಿಯಿತು. ಪಕ್ಕದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಯಾರೋ ಹಾಡುತ್ತಿರುವಂತೆ ಕೇಳಿಸತೊಡಗಿತು. ಬೇಡ ಕಣೇ, ಕೊಂದುಬಿಟ್ಟೆಯಲ್ಲೇ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕಡ್ಡಿ ಕೈ ಹಿಂದಕ್ಕೆ ತೆಗೆದಳು. "ಈಗ ಸರಿ," ಎಂದಳು.

ಪಟಾಕಿ ಕಿವಿಯಿಂದ ಕೈ ತೆಗೆದು ಚಾಪೆಯ ಮೇಲೆ ಉರುಳಿದಳು. ಸುಮ್ಮನಿದ್ದಳು. ಪಟಾಕಿ ಸುಮ್ಮನಿರುವುದೆಂದರೆ ಸಣ್ಣ ಮಾತಲ್ಲ. ದೊಡ್ಡ ಪಿಟೀಲು ಬಂದಾಗ ಕಡ್ಡಿ ಕಣ್ಣು ಮುಚ್ಚಿಕೊಂಡಳು. ಆ ಮೂರನೆಯವಳ ದನಿ ಏರಿದಾಗ ಇಬ್ಬರ ಮುಖದ ಮೇಲೂ ನಾನು ಬಯಸಿದ್ದು ಬಂತು. ನನಗೆ ಅರ್ಧ ಹಾಡೂ ಕೇಳುತ್ತಿರಲಿಲ್ಲ. ಅವರ ಮುಖ ನೋಡುತ್ತ ಕೂತೆ. ನಾಳೆ ಮ್ಯಾನೇಜರ ಹತ್ತಿರ ಹೋಗಿ ನಿಜ ಹೇಳಬೇಕು, ಕಿವಿಯ ಡಾಕ್ಟರ ಹತ್ತಿರ ಹೋಗಬೇಕು, ಕೆಲಸದ ಗತಿ ಏನಾಗುತ್ತದೋ ನೋಡಬೇಕು ಎಂದೆಲ್ಲ ತಲೆಯಲ್ಲಿ ಓಡುತ್ತಿತ್ತು.

ಚರ್ಮವಾದ್ಯ ನಿಂತಿತು. ಹಾಡು ಮುಗಿಯುವುದು ಅಲ್ಲೇ. ಅಲ್ಲಿಂದ ಮುಂದೆ ಸ್ವಲ್ಪ ಹೊತ್ತು ಖಾಲಿ ಬಿಟ್ಟಿದ್ದಾರೆ, ನಾನು ಯಾವತ್ತೂ ಅದು ಕೊನೆಯಾಗುವವರೆಗೆ ಕಾಯುತ್ತಿರಲಿಲ್ಲ. ಎಂದಿನಂತೆ ಕೈ ಚಾಚಿ ನಿಲ್ಲಿಸಿದೆ.

"ಅಯ್ಯೋ ಅತ್ತೆ! ಯಾಕೆ ನಿಲ್ಲಿಸಿದೆ?" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

"ಮುಗೀತಲ್ಲೇ."

"ಎಲ್ಲಿ ಮುಗೀತು? ಈಗ ತಾನೇ ಮೇಲೆ ಮೇಲೆ, ತೆಳ್ಳಗೆ ಕೊಳಲು ಶುರುವಾಯ್ತು!"

ಯಾವ ಕೊಳಲು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ. ಮತ್ತೆ ಹಾಕಿದೆ. ಕೋಣೆಯಲ್ಲಿ ನನ್ನ ಪಾಲಿಗೆ ಮೌನ. ಮಕ್ಕಳಿಬ್ಬರೂ ಬಾಯಿ ತೆರೆದುಕೊಂಡು ಸ್ಪೀಕರಿನ ಕಡೆಗೆ ವಾಲಿದರು. ಪಟಾಕಿಯ ಕಣ್ಣು ಅರಳಿತು, ಮತ್ತೆ ಅರಳಿತು, ಆಮೇಲೆ ಮೆಲ್ಲಗೆ ತುಂಬಿಕೊಂಡಿತು. ತಿಂಗಳಿಂದ ದಿನವೂ ನಾನು ಈ ಹಾಡನ್ನು ಇಲ್ಲಿಯೇ ಕತ್ತರಿಸಿ ಎದ್ದು ಹೋಗಿದ್ದೆ.

ಮುಗಿದ ಮೇಲೆ ಪಟಾಕಿ ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು. ಮಂಡಿಯೂರಿ ಪಕ್ಕಕ್ಕೆ ಬಂದು ನನ್ನ ಕಿವಿಯನ್ನು ತನ್ನ ಎರಡು ಕೈಗಳ ನಡುವೆ ಹಿಡಿದುಕೊಂಡಳು.

"ನನಗೆ ಅಷ್ಟು ಮೇಲೆ ಹೋಗಕ್ಕಾಗಲ್ಲ ಅತ್ತೆ. ಆ ಕೊಳಲನ್ನೇ ಕೆಳಗಡೆ ದನೀಲಿ ಹಾಡ್ತೀನಿ, ಆಯ್ತಾ?" ಎಂದಳು. ಹಾಡತೊಡಗಿದಳು.